ಟ್ರೆಡ್‌ಮಿಲ್ ಬಿಡಿ, ಓಣಿಯವರನ್ನು ಎಬ್ಬಿಸಿ

*ಯಜಮಾನರಿಗೆ ಸಕ್ಕರೆ ಕಾಯಿಲೆ ಬರುವ ಸೂಚನೆ ಇದೆಯಂತೆ, ನನಗೂ ತೂಕ ಜಾಸ್ತಿ. ದಿನಾ ನಡೀರಿ ಅಂತಾರೆ ಡಾಕ್ಟರು. ಹೊರಗೆ ಹೋದರೆ ನಾಯಿ, ಲಾರಿ, ದುರುಗುಟ್ಟಿ ನೋಡುವ ಜನ. ಮನೆಗೇ ಟ್ರೆಡ್‌ಮಿಲ್ ತರಿಸಲೇ?*
*— ಓದುಗರೊಬ್ಬರು, ಗಂಗಾವತಿ*

ಅಕ್ಕಾವ್ರೇ, ಟ್ರೆಡ್‌ಮಿಲ್ ತಪ್ಪೇನಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಅದಕ್ಕೂ ಒಂದು ಬೆಲೆ ಇದೆ. ಆದರೆ ಗೋಡೆ ನೋಡುತ್ತಾ ಎಷ್ಟು ದಿನ ಓಡುತ್ತೀರಿ? ಒಂದು ಹಬ್ಬಕ್ಕೆ ನಿಂತರೆ ಮತ್ತೆ ಶುರುವಾಗುವುದಿಲ್ಲ.

ಅಂಜನಾದ್ರಿಯ 575 ಮೆಟ್ಟಿಲು ನಿಮಗೆ ಗೊತ್ತಲ್ವಾ? ಒಬ್ಬರೇ ಹತ್ತಿ ಅಂದರೆ ಮಂಡಿ ನೋವು ನೆನಪಾಗುತ್ತದೆ. ಹನುಮ ಮಾಲೆಯವರ ಗುಂಪು ಹೊರಟಿತೋ, ಅಜ್ಜಂದಿರೂ ಹತ್ತಿಬಿಡುತ್ತಾರೆ.

ಚೀನಾದಲ್ಲಿ ಡಾಚಿಂಗ್ ಅಂತ ಎಣ್ಣೆ ಬಾವಿಗಳ ಊರಿದೆ, ನಮ್ಮ ಸಂಡೂರಿನ ಹಾಗೆ ನೆಲ ಬಗೆದು ಬದುಕುವ ಊರು. 1986ರಲ್ಲಿ ಅಲ್ಲಿ ನಿಮ್ಮ ಯಜಮಾನರಂಥ 577 ಜನರನ್ನು ಹಿಡಿದು, 33 ಚಿಕಿತ್ಸಾಲಯಗಳನ್ನು ನಾಲ್ಕು ಪಾಲು ಮಾಡಿದರು: ಒಂದು ಪಾಲನ್ನು ಸುಮ್ನೆ ಬಿಟ್ಟರು, ಉಳಿದವಕ್ಕೆ ಊಟದ ಪಥ್ಯ, ವ್ಯಾಯಾಮ, ಇಲ್ಲವೇ ಎರಡೂ. ಬುದ್ಧಿಮಾತನ್ನು ಒಬ್ಬೊಬ್ಬರಿಗೂ ಹೇಳಿದರು, ಸಣ್ಣ ಗುಂಪಿನಲ್ಲಿ ಕೂರಿಸಿಯೂ ಹೇಳಿದರು. ಆರು ವರ್ಷಕ್ಕೆ, ಸುಮ್ನೆ ಬಿಟ್ಟವರಲ್ಲಿ ನೂರಕ್ಕೆ 68 ಜನರಿಗೆ ಸಕ್ಕರೆ ಕಾಯಿಲೆ ಬಂತು. ವ್ಯಾಯಾಮದ ಪಾಲಿನವರಲ್ಲಿ 41. ನಡೆಯುವಾಗ ಕಾಲಿನ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ತೂಕದ ಮುಳ್ಳು ಅಲುಗದಿದ್ದರೂ ಬೇಜಾರು ಮಾಡ್ಕೋಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ವ್ಯಾಯಾಮ. (ಮಾತ್ರೆ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.)

ನಿಮ್ಮೂರೇ ನೋಡಿ. ಭತ್ತದ ಕಣಜ. ನಾಟಿ, ಕೊಯ್ಲು, ಒಕ್ಕಣೆ ಎಲ್ಲಾ ಮೈಮೇಲೆ ಇದ್ದ ಕಾಲದಲ್ಲಿ ಜೋಳದ ರೊಟ್ಟಿ ಉಣ್ಣುತ್ತಿದ್ದೆವು. ಈಗ ಗದ್ದೆಗೆ ಯಂತ್ರ ಇಳಿಯಿತು, ತಟ್ಟೆಗೆ ಬಿಳಿ ಅನ್ನ ಏರಿತು. ಜೊತೆಗೆ ಸಂಜೆ ಒಗ್ಗರಣೆ ಮಿರ್ಚಿ, ಅದನ್ನು ಬಿಡಿ ಅನ್ನಲು ನನಗೂ ಬಾಯಿ ಬರುವುದಿಲ್ಲ.

ನಾಯಿ, ಜನ ಅಂತ ಹೆದರಿದ್ದೀರಿ. ಸ್ವಲ್ಪ ಬೈಯುತ್ತೇನೆ, ಬೇಜಾರಾಗಬೇಡಿ. ಪಕ್ಕದ ಮನೆಯವರಿಗೂ ಅದೇ ಹೆದರಿಕೆ ಇದೆ, ಕೇಳಿದ್ದೀರಾ? ಬೆಳಿಗ್ಗೆ ಐದೂವರೆಗೆ ಹತ್ತು ಹೆಂಗಸರು ಒಟ್ಟಿಗೆ ಹೊರಟರೆ ನಾಯಿಯೇ ದಾರಿ ಬಿಡುತ್ತದೆ. ಓಣಿಯ ಆಶಾ ಕಾರ್ಯಕರ್ತೆಯನ್ನೂ ಕರೆಯಿರಿ.

ಲಾರಿಯ ವಿಷಯಕ್ಕೆ ಮಾತ್ರ ನಿಮ್ಮನ್ನು ಬೈಯಲಾರೆ. ರಸ್ತೆ ಅಗಲ ಮಾಡುವವರಿಗೆ ಕಾಲಿನವರೂ ಇದ್ದಾರೆ ಅನ್ನುವುದೇ ಮರೆತಿದೆ. ಸಂಜೆ ಆದರೆ ಶಾಲೆಯ ಮೈದಾನಕ್ಕೆ ಬೀಗ. ಲೇಔಟಿನ ನಕ್ಷೆಯಲ್ಲಿ ಪಾರ್ಕು, ಜಾಗದಲ್ಲಿ ಜಾಲಿ ಮುಳ್ಳು, ಸ್ವಲ್ಪ ದಿನಕ್ಕೆ ಯಾರದೋ ಶೆಡ್ಡು. ಆಸ್ಪತ್ರೆ ಕಟ್ಟುತ್ತೇವೆ ಅಂದರೆ ಚಪ್ಪಾಳೆ, ನಡೆಯಲು ಜಾಗ ಕೇಳಿದರೆ ನಗು. ನಿಮ್ಮ ಗುಂಪು ಕೂಡಿದ ಮೇಲೆ ನೇರ ನಗರಸಭೆಗೆ ಹೋಗಿ, ಪಾರ್ಕಿನ ನಕ್ಷೆ ಕೇಳಿ. ಏನಂದರು ಅಂತ ಬರೆಯಿರಿ, ಪೂರ್ತಿ ಅಚ್ಚು ಹಾಕುತ್ತೇನೆ.