ಟಿವಿಯಲ್ಲಿ 'ನಾಗರಹಾವು' ಧಾರಾವಾಹಿಯಂತೆ ಕಾಣುವುದೇಕೆ?

ದಾವಣಗೆರೆಯ ಗೆಳೆಯರೇ, ಹೊಸ ಟಿವಿಯಲ್ಲಿ 1972ರ 'ನಾಗರಹಾವು' ಧಾರಾವಾಹಿಯಂತೆ ಕಂಡಿತು, 'ಬಾರೇ ಬಾರೇ' ಹಾಡು ಸಪ್ಪೆ ಎನಿಸಿತು, ಇದು ಹಳೇ ಚಿತ್ರದ ದೋಷವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ, ಟಿವಿಯ ಸೆಟ್ಟಿಂಗ್‌ನದು.

ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ). ಹೊಸ ಟಿವಿಗಳು ನಡುವೆ ತಾವೇ ಫ್ರೇಮ್ ಸೃಷ್ಟಿಸಿ ತುಂಬುತ್ತವೆ, ಚಲನೆ ಅತಿ ನಯವಾಗಿ ಧಾರಾವಾಹಿಯಂತೆ ಕಾಣುವುದು ಅದಕ್ಕೇ. ಈ ಹಾಡಿನ ಜೀವವೇ ನಿಧಾನಗತಿ: ಕ್ಯಾಮೆರಾ ವೇಗವಾಗಿ ಓಡಿಸಿ ಹೆಚ್ಚು ಫ್ರೇಮ್ ಹಿಡಿದು, 24ರ ವೇಗದಲ್ಲೇ ತೋರಿಸಿದಾಗ ಓಟ ತೇಲಾಟವಾಗುತ್ತದೆ. ಅದರ ಮೇಲೆ ಟಿವಿಯೂ ಕೈಯಾಡಿಸಿದರೆ ಕೂದಲು, ಸೆರಗಿನ ಅಂಚು ಕಲಕಿದಂತಾಗುತ್ತದೆ.

ಎಲ್‌ಜಿಯಲ್ಲಿ 'ಟ್ರೂಮೋಷನ್', ಸೋನಿಯಲ್ಲಿ 'ಮೋಷನ್‌ಫ್ಲೋ', ಸ್ಯಾಮ್‌ಸಂಗ್‌ನಲ್ಲಿ 'ಪಿಕ್ಚರ್ ಕ್ಲಾರಿಟಿ' ಎಂಬ ಈ ಸೆಟ್ಟಿಂಗ್ ಆಫ್ ಮಾಡಿ. ಪಿಕ್ಚರ್ ಮೋಡ್ 'ವಿವಿಡ್' ಬಿಟ್ಟು 'ಸಿನಿಮಾ' ಅಥವಾ 'ಮೂವಿ'ಗೆ ತನ್ನಿ. ಮೊದಲೆರಡು ನಿಮಿಷ ಹಳದಿ ಎನಿಸುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಜೂಮ್ ಮಾಡಬೇಡಿ, ಮೇಲೆ ಕೆಳಗೆ ಚಿತ್ರ ಕತ್ತರಿಸಿಹೋಗುತ್ತದೆ. ಮಾತು ಕೇಳಿಸದಿದ್ದರೆ ಟಿವಿಯ ಆಡಿಯೋ ಸೆಟ್ಟಿಂಗ್ 'ಪಿಸಿಎಂ'ಗೆ (ಸಂಕುಚಿಸದ ಸಾದಾ ಧ್ವನಿ) ಬದಲಿಸಿ.

ಇಷ್ಟಾದ ಮೇಲೆ ಮತ್ತೊಮ್ಮೆ ನೋಡಿ. ನಿರ್ದೇಶಕ ಪುಟ್ಟಣ್ಣ ಕಣಗಾಲರು ಚಿತ್ರದುರ್ಗದ ಬಂಡೆಗಳನ್ನು ಬರೀ ಹಿನ್ನೆಲೆಯಾಗಿ ಬಳಸಿಲ್ಲ. ನಾಯಕ ರಾಮಾಚಾರಿಯ ಹಟ ಆ ಕಲ್ಲಿನಿಂದಲೇ ಬಂದಂತಿದೆ. ವಿಷ್ಣುವರ್ಧನ್ ಅವರ ಕಣ್ಣಿನ ಸಿಟ್ಟಿನಷ್ಟೇ ಅಶ್ವತ್ಥರ ಚಾಮಯ್ಯ ಮೇಷ್ಟ್ರ ಮೌನವೂ ದೊಡ್ಡದು. ಜಯಂತಿಯವರು ಓಬವ್ವನಾಗಿ ಬರುವ ಹಾಡು ನೋಡಿಯೇ ಕೋಟೆಗೆ ಹೋಗಿ, ಬೆಳಿಗ್ಗೆ ಬೇಗ. ಬಿಸಿಲೇರಿದರೆ ಬಂಡೆ ಕಾದು ಹತ್ತುವುದು ಕಷ್ಟ. ಓಬವ್ವನ ಕಿಂಡಿಯ ಇಕ್ಕಟ್ಟು ಮಾತ್ರ ಅಲ್ಲಿ ನಿಂತೇ ತಿಳಿಯಬೇಕು.