‘ಬಾಕಿ ಇಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಿ ಹಡಗಿನಿಂದ ಇಳಿದು, ಊರಿಗೆ ಬಂದ ಮೇಲೆ ಹೊಸ ಕಾಯಿದೆಯಡಿ ಸಂಬಳ ವಸೂಲು ಮಾಡಬಹುದೇ?

ಹಡಗಿನಲ್ಲಿ ದುಡಿಯುತ್ತಿರುವ ನಿಮ್ಮ ತಮ್ಮನಿಗೆ ಐದು ತಿಂಗಳಿಂದ ಸಂಬಳ ಬಂದಿಲ್ಲ ಎಂದು ಬರೆದಿದ್ದೀರಿ. ಏನೂ ಬಾಕಿ ಇಲ್ಲವೆಂದು ಬರೆದುಕೊಟ್ಟರೆ ಮಾಲೀಕರು ವಿಮಾನದ ಟಿಕೆಟ್ ಕೊಡುತ್ತಾರೆ. ಊರು ಸೇರಿದ ಮೇಲೆ 2025ರ ವಾಣಿಜ್ಯ ಹಡಗು ಕಾಯಿದೆ ಕೈಹಿಡಿಯುತ್ತದೆ ಎಂದು ನಂಬಿ, ಸಹಿ ಹಾಕಿ ಬರಲೇ, ಹಾಕದೆ ಅಲ್ಲೇ ಉಳಿಯಲೇ ಎಂದು ಅವನ ಪರವಾಗಿ ಕೇಳಿದ್ದೀರಿ. 2016ರ ಜೂನ್‌ನಲ್ಲಿ ನಾನೂ ಇಂಥದೇ ನಂಬಿಕೆಯಿಂದ ಇಂಥದೇ ಪತ್ರಕ್ಕೆ ಸಹಿ ಹಾಕಿದೆ.

ನನ್ನ ಊರು ಗಂಗೊಳ್ಳಿ. 2015ರ ಫೆಬ್ರವರಿಯಲ್ಲಿ ತಿಂಗಳಿಗೆ 600 ಡಾಲರ್ ಸಂಬಳದ ಮೇಲೆ ಒಂದು ಹಳೆಯ ಸಣ್ಣ ಟ್ಯಾಂಕರಿಗೆ ಆಯಿಲರ್, ಅಂದರೆ ಎಂಜಿನ್ ಕೋಣೆಯ ಕೆಲಸಗಾರ, ಆಗಿ ಸೇರಿದೆ. ಹಡಗಿನ ಧ್ವಜ, ಅಂದರೆ ಅದರ ನೋಂದಣಿ, ಒಂದು ದ್ವೀಪರಾಷ್ಟ್ರದ್ದು; ಮಾಲೀಕರ ಕಚೇರಿ ಕೊಲ್ಲಿಯಲ್ಲಿ. ಆಗಸ್ಟ್ ತಿಂಗಳ ಸಂಬಳವೇ ಕೊನೆಯದಾಯಿತು. ಅನಂತರ ಶಾರ್ಜಾದ ಎದುರು ಲಂಗರು ಹಾಕಿ ನಿಂತ ಹಡಗು ಮತ್ತೆ ಅಲುಗಲಿಲ್ಲ. ಡೀಸೆಲ್ ಉಳಿಸಲು ಜನರೇಟರನ್ನು ದಿನಕ್ಕೆ ಎರಡು ಗಂಟೆ ಮಾತ್ರ ಓಡಿಸುತ್ತಿದ್ದೆವು. ಆ ಎರಡು ಗಂಟೆಯಲ್ಲಿ ಅನ್ನ ಬೇಯಬೇಕು, ಎಲ್ಲರ ಫೋನುಗಳೂ ಚಾರ್ಜ್ ಆಗಬೇಕು. ಮೇ ತಿಂಗಳ ಬಿಸಿಲಿಗೆ ಕ್ಯಾಬಿನ್ನಿನೊಳಗೆ ಮಲಗಲಾಗದೆ ಡೆಕ್ಕಿನ ಮೇಲೆ ಒದ್ದೆ ಬಟ್ಟೆ ಹೊದ್ದು ಮಲಗಿದ್ದೇವೆ. ಕೊನೆಗೆ ಉಳಿದಿದ್ದವರು ಒಂಬತ್ತು ಮಂದಿ.

2015ರ ಅಕ್ಟೋಬರ್ 9ರಂದು ನಮ್ಮ ದೇಶ ಕಡಲ ಕಾರ್ಮಿಕ ಒಡಂಬಡಿಕೆಗೆ, ಅಂದರೆ ಹಡಗಿನವರು ಎಂಎಲ್‌ಸಿ ಎನ್ನುವ 2006ರ ಒಪ್ಪಂದಕ್ಕೆ, ಅಧಿಕೃತವಾಗಿ ಸೇರಿತು. ಆ ಸುದ್ದಿಯನ್ನು ಮನೆಯವರು ಫೋನಿನಲ್ಲಿ ಹೇಳಿದಾಗ ಇನ್ನು ನಮಗೆ ಭಯವಿಲ್ಲ ಎಂದು ನಾನು ಎಲ್ಲರಿಗೂ ಸಾರಿದ್ದೆ. ಸೇರಿದ ದೇಶಕ್ಕೆ ಅದು ಅನ್ವಯವಾಗುವುದು ಹನ್ನೆರಡು ತಿಂಗಳ ಬಳಿಕ ಎಂಬುದೂ, ಹಡಗಿನ ಮೇಲೆ ಮೊದಲು ನಡೆಯುವುದು ಅದರ ಧ್ವಜದ ದೇಶದ ಕಾನೂನೇ ಹೊರತು ನಾವಿಕನ ಊರಿನದಲ್ಲ ಎಂಬುದೂ ನನಗೆ ತಿಳಿದಿರಲಿಲ್ಲ. ನೀವು ಇಂದು 2025ರ ಕಾಯಿದೆಯ ಬಗ್ಗೆ ಬರೆದ ವಾಕ್ಯವನ್ನು ಓದಿದಾಗ ನನಗೆ ಆ ಸಂಜೆಯೇ ಕಣ್ಣಮುಂದೆ ಬಂತು.

ಈಗ ಆ ಸಹಿಯ ವಿಷಯ. ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ತಮ್ಮ ಎಡವಬಹುದಾದ ಜಾಗ ಇದೊಂದೇ. ಜೂನ್‌ನಲ್ಲಿ ಮಾಲೀಕರ ಪ್ರತಿನಿಧಿ ದೋಣಿಯಲ್ಲಿ ಬಂದು ಒಂಬತ್ತು ಹಾಳೆಗಳನ್ನು ಮೇಜಿನ ಮೇಲೆ ಇಟ್ಟರು. ಹಾಳೆಯಲ್ಲಿದ್ದುದು ಮೂರೇ ವಾಕ್ಯ. ನಾನು ಸ್ವಂತ ಇಚ್ಛೆಯಿಂದ ಇಳಿಯುತ್ತಿದ್ದೇನೆ ಎಂಬುದು ಮೊದಲನೆಯದು. ಅದು ಹೆಚ್ಚು ಕಡಿಮೆ ನಿಜವೇ ಆಗಿತ್ತು. ಪಾಸ್‌ಪೋರ್ಟ್ ಮತ್ತು ಸಿಡಿಸಿ (ನಾವಿಕನ ಗುರುತು ಮತ್ತು ಸೇವೆಯ ದಾಖಲೆ ಪುಸ್ತಕ) ನನ್ನ ಕೈಸೇರಿವೆ ಎಂಬುದು ಎರಡನೆಯದು, ಅದೂ ನಿಜ. ಈ ದಿನದವರೆಗಿನ ಸಂಬಳವನ್ನೆಲ್ಲ ಪೂರ್ತಿಯಾಗಿ ಪಡೆದಿದ್ದೇನೆ ಎಂಬುದು ಮೂರನೆಯದು. ಸೆಪ್ಟೆಂಬರಿನಿಂದ ಮೇ ವರೆಗೆ ಒಂಬತ್ತು ತಿಂಗಳ 5,400 ಡಾಲರ್‌ನಲ್ಲಿ ಒಂದು ಡಾಲರೂ ನನಗೆ ಬಂದಿರಲಿಲ್ಲ. ಒತ್ತಾಯದಿಂದ ಪಡೆದ ಸಹಿಗೆ ಬೆಲೆಯಿಲ್ಲ ಎಂದು ಯಾರೋ ಹೇಳಿದ್ದನ್ನು ನೆನೆದು, ಧೈರ್ಯವಾಗಿ ಬರೆದೆ.

ಒತ್ತಾಯದ ಒಪ್ಪಂದವನ್ನು ರದ್ದುಪಡಿಸಬಹುದು ಎಂಬ ಮಾತು ಸುಳ್ಳಲ್ಲ. ನಮ್ಮ 1872ರ ಕರಾರು ಕಾಯಿದೆಯೂ ಅದನ್ನೇ ಹೇಳುತ್ತದೆ. ನಾವಿಕನು ಯಾವ ಕರಾರಿನಿಂದಲೂ ಹಡಗಿನ ಮೇಲಿರುವ ತನ್ನ ಸಂಬಳದ ಹಕ್ಕನ್ನು ಬಿಟ್ಟುಕೊಡುವಂತಿಲ್ಲ ಎಂಬ ತತ್ವ 1958ರ ಹಳೆಯ ಹಡಗು ಕಾಯಿದೆಯಲ್ಲಿಯೂ ಇತ್ತು. ಆದರೆ ನಾನು ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಬರೆದಿರಲಿಲ್ಲ, ಹಣ ಬಂದಿದೆ ಎಂದು ಬರೆದಿದ್ದೆ. ಮೊದಲನೆಯದನ್ನು ಕಾನೂನು ತಡೆಯುತ್ತದೆ; ಎರಡನೆಯದು ಹಕ್ಕಿನ ಮಾತೇ ಅಲ್ಲ, ನನ್ನ ವಿರುದ್ಧ ನಾನೇ ನುಡಿದ ಸಾಕ್ಷ್ಯ. ಅದನ್ನು ಸುಳ್ಳೆಂದು ತೋರಿಸುವ ಹೊಣೆ ನನ್ನ ಮೇಲೆ ಬಿತ್ತು, ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಕೆಲಸದ ಕರಾರಿನ ಮೂಲಪ್ರತಿಯನ್ನು ಅದೇ ಮೇಜಿನ ಮೇಲೆ ಮರಳಿಸಿದ್ದೆ, ತಿಂಗಳ ಸಂಬಳದ ಲೆಕ್ಕಪತ್ರಗಳ ಫೋಟೋ ತೆಗೆದಿರಲಿಲ್ಲ, ಸಾಕ್ಷಿಯ ಜಾಗದಲ್ಲಿ ಕ್ಯಾಪ್ಟನ್ನರ ಸಹಿ ಇತ್ತು. ಆ ಮೂರನೆಯ ವಾಕ್ಯವನ್ನು ಹೊಡೆದುಹಾಕಿ, ‘ಸಂಬಳ ಬಾಕಿ ಇದೆ, ಊರಿಗೆ ಹೋಗುವ ಸಲುವಾಗಿ ಆಕ್ಷೇಪಣೆಯೊಂದಿಗೆ ಸಹಿ ಮಾಡುತ್ತಿದ್ದೇನೆ’ ಎಂದು ಪಕ್ಕದಲ್ಲಿ ಒಂದು ಸಾಲು ಬರೆದಿದ್ದರೂ ಸಾಕಿತ್ತು. ಪೆನ್ನು ನನ್ನ ಕೈಯಲ್ಲೇ ಇತ್ತು.

ನಮ್ಮಲ್ಲಿ ಐದು ಮಂದಿ ಸಹಿ ಹಾಕಿ ಇಳಿದೆವು, ನಾಲ್ವರು ಹಾಕಲಿಲ್ಲ. ಆ ನಾಲ್ವರು ವರ್ಷಗಟ್ಟಲೆ ಅಲ್ಲೇ ಕೊಳೆಯಲಿಲ್ಲ. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದವರ ಮೂಲಕ ಒಬ್ಬ ವಕೀಲರಿಗೆ ಅಧಿಕಾರಪತ್ರ ಬರೆದುಕೊಟ್ಟು, ಏಳು ವಾರಗಳ ನಂತರ ಅವರೂ ಊರು ಸೇರಿದರು. ಮರುವರ್ಷ, ಇಂಧನ ಪೂರೈಸಿದವರ ದಾವೆಯ ಮೇಲೆ ನ್ಯಾಯಾಲಯ ಹಡಗನ್ನು ಹರಾಜು ಹಾಕಿದಾಗ, ಆ ಹಣದಲ್ಲಿ ಮೊದಲ ಸಾಲಿನಲ್ಲಿ ನಿಂತದ್ದು ನಾವಿಕರ ಸಂಬಳ. ನಾಲ್ವರಿಗೂ ಬಾಕಿ ಸಿಕ್ಕಿತು. ನಮ್ಮ ಐವರ ಹೆಸರಿನ ಎದುರು ಐದು ಹಾಳೆಗಳಿದ್ದವು. ಕೆಲಸ ಕೊಡಿಸಿದ ಏಜೆಂಟರಿಗೆ ಕೊಡಲು ಅಮ್ಮ ಅಡವಿಟ್ಟಿದ್ದ ಬಳೆಗಳನ್ನು ಬಿಡಿಸಲು ನನಗೆ ಮೂರು ವರ್ಷ ಬೇಕಾಯಿತು.

ಆದ್ದರಿಂದ ‘ಸಹಿ ಹಾಕಿ ಬರಲೇ, ಹಾಕದೆ ಅಲ್ಲೇ ಉಳಿಯಲೇ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ ಎರಡೇ ದಾರಿಗಳಿವೆ ಎಂದು ನಿಮಗೆ ಹೇಳಿದವರು ಮಾಲೀಕರು. ಎಂಎಲ್‌ಸಿ ಪ್ರಕಾರ ಕೈಬಿಟ್ಟ ನಾವಿಕನನ್ನು ಅವನ ಖರ್ಚಿಲ್ಲದೆ ಊರಿಗೆ ಕಳಿಸುವುದು ಹಡಗಿನ ಮಾಲೀಕರ ಕರ್ತವ್ಯ. ಟಿಕೆಟ್ ಯಾರಿಗೂ ಕೊಡುವ ಉಡುಗೊರೆಯಲ್ಲ, ಅದಕ್ಕೆ ಬದಲಾಗಿ ಸಹಿ ಕೇಳುವ ಹಕ್ಕು ಅವರಿಗಿಲ್ಲ. ನನ್ನ ಕಾಲದಲ್ಲಿ ಇಲ್ಲದಿದ್ದ ಒಂದು ಬಲವೂ ನಿಮ್ಮ ತಮ್ಮನಿಗೆ ಇದೆ. 2014ರಲ್ಲಿ ಒಪ್ಪಿ, 2017ರ ಜನವರಿ 18ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಒಡಂಬಡಿಕೆಗೆ ಸೇರಿದ ದೇಶಗಳ ಧ್ವಜದ ಹಡಗುಗಳು ಇಂಥ ಸಂದರ್ಭಕ್ಕೆಂದೇ ವಿಮೆ ಅಥವಾ ಅದಕ್ಕೆ ಸಮನಾದ ಹಣದ ಭದ್ರತೆ ಇಟ್ಟಿರಬೇಕು. ಅದರ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಲ್ಲಿ ಅಂಟಿಸಿರಬೇಕು. ಎರಡು ತಿಂಗಳ ಸಂಬಳ ಕೊಡದೆ ಮಾಲೀಕರು ಸಂಬಂಧ ಕಡಿದುಕೊಂಡರೆ ಅದೇ ‘ಕೈಬಿಟ್ಟ’ ಸ್ಥಿತಿ. ನಾವಿಕನೇ ನೇರವಾಗಿ ವಿಮೆಯವರಿಗೆ ಬರೆಯಬಹುದು. ಊರಿನ ಪ್ರಯಾಣ, ಊಟ, ಕುಡಿಯುವ ನೀರು, ಹಡಗಿನಲ್ಲಿ ಬದುಕಿರಲು ಬೇಕಾದ ಇಂಧನ, ಔಷಧ ಎಲ್ಲವೂ ಅದರಲ್ಲಿ ಸೇರಿವೆ. ಬಾಕಿ ಸಂಬಳ ಮಾತ್ರ ನಾಲ್ಕು ತಿಂಗಳವರೆಗೆ. ನಿಮ್ಮ ತಮ್ಮನಿಗೆ ಈಗಾಗಲೇ ಐದು ತಿಂಗಳಾಗಿದೆ, ಅಂದರೆ ಒಂದು ತಿಂಗಳ ಸಂಬಳ ವಿಮೆಯ ಲೆಕ್ಕದಿಂದ ಹೊರಗೆ ಹೋಗಿದೆ. ಇನ್ನೂ ಕಾಯಿರಿ ಎಂದು ಯಾರು ಹೇಳಿದರೂ ಕೇಳಬೇಡಿ.

2025ರ ಕಾಯಿದೆಯ ಬಗ್ಗೆ ನನಗೆ ಅಸಡ್ಡೆಯಿಲ್ಲ, ಗೌರವವೇ ಇದೆ. 561 ಕಲಂಗಳ ಹಳೆಯ ಕಾಯಿದೆಯ ಜಾಗದಲ್ಲಿ 325 ಕಲಂಗಳದ್ದು ಬಂದಿದೆ. ಆಗಸ್ಟ್ 18ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ಭಾರತದ ನಾವಿಕರಲ್ಲಿ ಸುಮಾರು ಶೇಕಡ 85ರಷ್ಟು ಮಂದಿ ವಿದೇಶಿ ಧ್ವಜದ ಹಡಗುಗಳಲ್ಲಿ ದುಡಿಯುತ್ತಿದ್ದರೂ ಹಳೆಯ ಕಾಯಿದೆಯ ಕಲ್ಯಾಣ ಕ್ರಮಗಳು ಭಾರತದ ಧ್ವಜದ ಹಡಗಿನವರಿಗಷ್ಟೇ ಮೀಸಲಾಗಿದ್ದವು. ಹೊಸದು ಅವರೆಲ್ಲರನ್ನೂ ಗಣನೆಗೆ ತೆಗೆದುಕೊಂಡಿರುವುದು ಬಹಳ ತಡವಾಗಿ ಬಂದ ನ್ಯಾಯ. 2024ರಲ್ಲಿ ಜಗತ್ತಿನಾದ್ಯಂತ 312 ಹಡಗುಗಳಲ್ಲಿ 3,133 ನಾವಿಕರನ್ನು ಕೈಬಿಡಲಾಗಿತ್ತು ಎಂದು ಸಾರಿಗೆ ಕಾರ್ಮಿಕರ ಅದೇ ಒಕ್ಕೂಟ ಲೆಕ್ಕ ಕೊಟ್ಟಿದೆ. ಅವರಲ್ಲಿ 899 ಮಂದಿ ನಮ್ಮವರು, ಬೇರೆ ಯಾವ ದೇಶದವರೂ ಅಷ್ಟಿರಲಿಲ್ಲ. ಇಷ್ಟಾದರೂ ನಮ್ಮ ಸಂಸತ್ತಿನ ಕಾಯಿದೆಯು ವಿದೇಶದಲ್ಲಿ ಕುಳಿತ, ಭಾರತದಲ್ಲಿ ಒಂದು ಕುರ್ಚಿಯನ್ನೂ ಹೊಂದಿರದ ಮಾಲೀಕನ ಜೇಬಿಗೆ ಕೈಹಾಕಲಾರದು. ಸಂಬಳ ಕೊಡಬಲ್ಲ ಆಸ್ತಿ ಎಂದರೆ ಆ ಹಡಗೇ.

ಸಂಬಳದ ಬಾಕಿ ಹಡಗಿನ ಒಡಲಿಗೇ ಅಂಟಿಕೊಂಡಿರುತ್ತದೆ. ಮಾಲೀಕ ಅದನ್ನು ಇನ್ನೊಬ್ಬನಿಗೆ ಮಾರಿದರೂ ಜೊತೆಗೆ ಹೋಗುತ್ತದೆ. ಹಡಗುಗಳ ಮೇಲಿನ ದಾವೆಗಳಿಗೆಂದೇ ಇರುವ ನಮ್ಮ 2017ರ ಅಡ್ಮಿರಾಲ್ಟಿ ಕಾಯಿದೆಯು ಇಂಥ ಹಕ್ಕುಗಳಲ್ಲಿ ನಾವಿಕನ ಸಂಬಳಕ್ಕೆ ಮೊದಲ ಸ್ಥಾನ ಕೊಟ್ಟು, ಸಂಬಳ ಸಲ್ಲಬೇಕಾದ ದಿನದಿಂದ ಎರಡು ವರ್ಷ ಆ ಹಕ್ಕನ್ನು ಜೀವಂತವಾಗಿ ಇಟ್ಟಿದೆ. ಆ ಕಾಯಿದೆಯಿಂದಲೇ ಕರ್ನಾಟಕ ಹೈಕೋರ್ಟಿಗೂ ಹಡಗನ್ನು ತಡೆಹಿಡಿಸುವ ಅಧಿಕಾರ ಬಂತು; ಹಡಗು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದರೆ ಮುಂಬೈಗೆ ಓಡಬೇಕಾಗಿಲ್ಲ. ಹಡಗು ನಮ್ಮ ನೀರಿಗೆ ಬರಬೇಕು ಎಂಬುದು ಇದಕ್ಕಿರುವ ಷರತ್ತು. ಬಾಕಿ ಇಲ್ಲವೆಂಬ ಪತ್ರ ಇದ್ದಲ್ಲಿ, ಬಂದರೂ ಪ್ರಯೋಜನ ಕಡಿಮೆ.

ನಿಮ್ಮ ತಮ್ಮ ಹಡಗಿನಿಂದ ಇಳಿಯಲಿ, ಉಳಿಯಲೇಬೇಕೆಂದು ನಾನು ಹೇಳುವುದಿಲ್ಲ. ಇಳಿಯುವ ಮೊದಲು ಗೋಡೆಯ ಮೇಲಿನ ವಿಮೆಯ ಪ್ರಮಾಣಪತ್ರ, ಕೆಲಸದ ಕರಾರಿನ ಪ್ರತಿ ಪುಟ, ಸಂಬಳದ ಲೆಕ್ಕಪತ್ರಗಳು, ಸಿಡಿಸಿಯಲ್ಲಿ ಆ ಹಡಗಿಗೆ ಸೇರಿದ ದಿನಾಂಕವಿರುವ ಪುಟ, ಇಷ್ಟರ ಫೋಟೋಗಳನ್ನು ಇಂದೇ ನಿಮಗೆ ಕಳಿಸಲಿ. ವಿಮೆಯವರಿಗೆ, ಧ್ವಜದ ದೇಶದ ಹಡಗು ಇಲಾಖೆಗೆ, ಮುಂಬೈಯಲ್ಲಿರುವ ನಮ್ಮ ಹಡಗು ಮಹಾನಿರ್ದೇಶನಾಲಯಕ್ಕೆ ಮತ್ತು ಸಾರಿಗೆ ಕಾರ್ಮಿಕರ ಒಕ್ಕೂಟಕ್ಕೆ ಒಂದೇ ಪತ್ರವನ್ನು ಒಂದೇ ದಿನ ಕಳಿಸಿ. ಅವನು ಪರವಾನಗಿ ಇರುವ ಏಜೆನ್ಸಿಯ ಮೂಲಕ ಹೋಗಿದ್ದರೆ ಅವರ ಹೆಸರನ್ನೂ ಅದರಲ್ಲಿ ಕಾಣಿಸಿ, ಏಕೆಂದರೆ ಮಹಾನಿರ್ದೇಶನಾಲಯದ ಮಾತಿಗೆ ಭಾರತದಲ್ಲಿ ಉತ್ತರ ಕೊಡಬೇಕಾದವರು ಅವರೇ. ಪ್ರತಿನಿಧಿ ಹಾಳೆ ಹಿಡಿದು ಬಂದರೆ ‘ಪಡೆದಿದ್ದೇನೆ’ ಎಂಬ ಪದವಿರುವ ಯಾವ ಸಾಲಿನ ಕೆಳಗೂ ಸಹಿ ಬೇಡ; ಅನಿವಾರ್ಯವಾದರೆ ಬಾಕಿ ಎಷ್ಟೆಂಬುದನ್ನು ಅಂಕಿಯಲ್ಲಿ ಬರೆದು ಸಹಿ ಮಾಡಲಿ, ಹಾಳೆಯ ಫೋಟೋ ತೆಗೆಯದೆ ಕೈಬಿಡದಿರಲಿ.

ಹಡಗಿನ ಧ್ವಜ ಯಾವುದು, ಈಗ ಯಾವ ಬಂದರಿನ ಎದುರು ನಿಂತಿದೆ ಎಂಬುದನ್ನು ನೀವು ಬರೆದಿಲ್ಲ. ಅವೆರಡನ್ನು ತಿಳಿಸಿದರೆ, ಆ ಧ್ವಜದ ದೇಶವೂ ಬಂದರಿನ ದೇಶವೂ ಎಂಎಲ್‌ಸಿಗೆ ಸೇರಿವೆಯೇ ಎಂದು ನೋಡಿ, ಪತ್ರದ ಕರಡನ್ನು ಇಲ್ಲಿಯೇ ಬರೆದುಕೊಡುತ್ತೇನೆ.