ಮನೆ ಫೋನಿನ ಡಯಲರ್ ಡಬ್ಬದಲ್ಲಿ ಮೊಬೈಲ್ ಕರೆ ಸಿಮ್‌ನಿಂದ, ಉಳಿದದ್ದು ಲ್ಯಾಂಡ್‌ಲೈನ್‌ನಿಂದ ತಾನಾಗಿ ಹೋಗುವಂತೆ ನಿಯಮ ಬರೆಯುವುದು ಹೇಗೆ?

ಕೋಲಾರದ ನಮ್ಮ ಮನೆಯಲ್ಲೂ ಇಂಥದ್ದೇ ಡಬ್ಬ: ಒಳಗೊಂದು ಸಿಮ್ ಇರುತ್ತದೆ, ಫೋನಿನಲ್ಲಿ ಒತ್ತಿದ ನಂಬರ್ ನೋಡಿ ಕರೆಯನ್ನು ಸಿಮ್‌ಗೋ ಲ್ಯಾಂಡ್‌ಲೈನ್ ತಂತಿಗೋ ಕಳಿಸುತ್ತದೆ. ದುಡ್ಡು ಉಳಿಸುವ ಲೆಕ್ಕವೂ ಇದೇ. ಅಮ್ಮನಿಗೆ ಮೊಬೈಲ್ ಒಗ್ಗಲಿಲ್ಲ. ಹಜಾರದ ಗುಂಡಿ ಫೋನಾದರೆ ಕತ್ತಲಲ್ಲೂ ತಪ್ಪಿಲ್ಲದೆ ಒತ್ತುತ್ತಾಳೆ.

2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡುವಾಗ ಮೊದಲು ಸೊನ್ನೆ ಒತ್ತಲೇಬೇಕಲ್ಲ, ಅದು ಅಮ್ಮನಿಗೆ ರೂಢಿಯಾಗಿತ್ತು. ಹಾಗಾಗಿ ನಾವು ಹಾಕಿದ ನಿಯಮ ಇದು: ಸೊನ್ನೆ, ಆಮೇಲೆ 6ರಿಂದ 9ರೊಳಗಿನ ಒಂದು ಅಂಕಿ, ಆಮೇಲೆ ಇನ್ನೂ 9 ಅಂಕಿ ಬಂದರೆ ಅದು ಮೊಬೈಲ್, ಸೊನ್ನೆ ಕಿತ್ತು ಉಳಿದ 10 ಅಂಕಿಯನ್ನು ಸಿಮ್‌ಗೆ ಕೊಡು. ನೀವೂ ಇದನ್ನೇ ಬರೆಯುತ್ತೀರಿ. ಬರೆಯಬೇಡಿ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಮ್ಮ ಎಸ್‌ಟಿಡಿ ಕೋಡ್‌ಗಳನ್ನು ನೋಡಿ: ಬೆಂಗಳೂರು 080, ತುಮಕೂರು 0816, ಕೋಲಾರ 08152, ಚಿಕ್ಕಬಳ್ಳಾಪುರ 08156, ಮೈಸೂರು 0821. ಎಲ್ಲ ಶುರುವಾಗುವುದೂ 08ರಿಂದ. ಬೆಂಗಳೂರಿನ ಲ್ಯಾಂಡ್‌ಲೈನ್ 8 ಅಂಕಿ, ತುಮಕೂರಿನದು 7, ನಮ್ಮದು 6. ಕೋಡ್ ಸೇರಿಸಿ ಎಣಿಸಿದರೆ ಯಾವುದಾದರೂ 11ಕ್ಕೇ ಬಂದು ನಿಲ್ಲುತ್ತದೆ. ಸೊನ್ನೆ ಹಾಕಿದ ಮೊಬೈಲ್ ನಂಬರೂ 11. ಅಂದಮೇಲೆ ಮೊದಲ ಅಂಕಿ ನೋಡಿಯಾಗಲಿ, ಉದ್ದ ಎಣಿಸಿಯಾಗಲಿ, ಬೆಂಗಳೂರಿನ ಲ್ಯಾಂಡ್‌ಲೈನ್ ಯಾವುದು, 8ರಿಂದ ಶುರುವಾಗುವ ಮೊಬೈಲ್ ಯಾವುದು ಅಂತ ಡಬ್ಬಕ್ಕೆ ಗೊತ್ತಾಗುವುದಿಲ್ಲ.

ಅಮ್ಮ ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ 080 ಹಾಕಿ ಮಾಡಿದಳು. ಡಬ್ಬ ಸೊನ್ನೆ ಕಿತ್ತುಹಾಕಿತು. ಸೊನ್ನೆಯಿಲ್ಲದೆ ಸಿಮ್‌ನಿಂದ ಲ್ಯಾಂಡ್‌ಲೈನ್ ಸಿಗುವುದಿಲ್ಲ. ನಂಬರ್ ಪರಿಶೀಲಿಸಿ ಅಂತ ರೆಕಾರ್ಡಿಂಗ್ ಬಂತು. ಮೊಬೈಲ್ ಕರೆಗಳೆಲ್ಲ ಚೆನ್ನಾಗಿ ಹೋಗುತ್ತಿದ್ದುದರಿಂದ ಡಬ್ಬದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಆಸ್ಪತ್ರೆಯವರೇ ನಂಬರ್ ಬದಲಾಯಿಸಿರಬೇಕು ಅಂದುಕೊಂಡು ಅವಳು ಸುಮ್ಮನಾದಳು. ಪೊರೆ ಆಪರೇಷನ್ನಿಗೆ ಕೊಟ್ಟಿದ್ದ ದಿನ ಖಚಿತ ಮಾಡದೆ ಬೇರೆಯವರ ಪಾಲಾಯಿತು. ಆ ಯುಗಾದಿಗೆ ಒಬ್ಬಟ್ಟು ಬೇಯಿಸುವಾಗ ಹೆಂಚಿನ ಅಂಚು ಕಾಣದೆ ಬೆರಳು ಸುಟ್ಟುಕೊಂಡಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನನ್ನ ಮಾತು: ವಿಂಗಡಣೆಯೇ ಬೇಡ. ಅನ್‌ಲಿಮಿಟೆಡ್ ಪ್ಯಾಕ್ ಇರುವ ಸಿಮ್ ಹಾಕಿದ ಮೇಲೆ ಮೊಬೈಲ್‌ಗೆ ಬೇರೆ ದಾರಿ, ಎಸ್‌ಟಿಡಿಗೆ ಬೇರೆ ದಾರಿ ಮಾಡಿ ಉಳಿಸುವುದೇನಿದೆ? ಸೊನ್ನೆಯಿಂದ ಶುರುವಾದದ್ದನ್ನೆಲ್ಲ ಸೊನ್ನೆ ಸಮೇತ ಸಿಮ್‌ಗೇ ಬಿಡಿ. ಸಿಮ್‌ನಿಂದ ಸೊನ್ನೆ ಹಾಕಿ ಮೊಬೈಲ್‌ಗೆ ಮಾಡಿದರೂ ಹೋಗುತ್ತದೆ, ಲ್ಯಾಂಡ್‌ಲೈನ್‌ಗಂತೂ ಸೊನ್ನೆ ಬೇಕೇ ಬೇಕು. ಊರೊಳಗಿನ ಕೋಡ್ ಇಲ್ಲದ ನಂಬರ್ (ನಮ್ಮಲ್ಲಿ 6 ಅಂಕಿ) ಮಾತ್ರ ಲ್ಯಾಂಡ್‌ಲೈನ್ ತಂತಿಗೆ ಹೋಗಲಿ, ಕೋಡ್ ಇಲ್ಲದೆ ಅದು ಸಿಮ್‌ನಿಂದ ಸೇರದು.

ತುರ್ತು ಸಹಾಯದ ನಂಬರ್ 112ಕ್ಕೆ ಎಲ್ಲಕ್ಕಿಂತ ಮೇಲೆ ಪ್ರತ್ಯೇಕ ನಿಯಮ ಇರಲಿ. ಮೂರು ಅಂಕಿ ಬಿದ್ದ ಕೂಡಲೇ ಕರೆ ಹೊರಡಬೇಕು, ಇನ್ನೂ ಅಂಕಿ ಬರುತ್ತದೆ ಅಂತ ಡಬ್ಬ ಕಾಯುತ್ತ ಕೂರಬಾರದು. ಕರೆಂಟ್ ಹೋದಾಗ ಏನಾಗುತ್ತದೆ ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ: ಡಬ್ಬದ ಪ್ಲಗ್ ಕಿತ್ತು ರಿಸೀವರ್ ಎತ್ತಿ, ಡಯಲ್ ಟೋನ್ ಬರದಿದ್ದರೆ ಡಬ್ಬಕ್ಕೊಂದು ಯುಪಿಎಸ್ ಹಾಕಿ. ಫೈಬರ್ ಲೈನಾದರೆ ಅದರ ಮೋಡೆಮ್‌ಗೂ ಬೇಕು. ಕೊನೆಗೆ ಮನೆಯ ಫೋನಿನಿಂದಲೇ ನಿಮ್ಮ ಮೊಬೈಲ್‌ಗೆ, 080ರ ಒಂದು ನಂಬರ್‌ಗೆ, ಊರೊಳಗಿನ ಒಂದು ನಂಬರ್‌ಗೆ ಮಾಡಿ, ಆ ಕಡೆಯವರು ಹಲೋ ಅನ್ನುವವರೆಗೂ ಕಾಯಿರಿ. ರಿಂಗ್ ಆಯಿತು ಅಂತ ಅಲ್ಲಿಗೇ ಬಿಟ್ಟುಬಿಡಬೇಡಿ.